ಮರ ಕೊಯ್ದವನ ಮನೆ



ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಕಾಫಿ ತೋಟಗಳ ಲೈನುಮನೆಗಳಿಗೆ ಆಶೀರ್ವಾದಕ್ಕಾಗಿ ಹೋಗುವುದು ವಾಡಿಕೆಯಾಗಿತ್ತು. ಒಂದು ಸಂಜೆ ಹೊಸದಾಗಿ ಬಂದಿದ್ದ ಕುಟುಂಬವೊಂದರ ಬಾಗಿಲಿಗೆ ಹೋದಾಗ ಆ ಮನೆಯ ತಾಯಿ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದರು: "ಫಾದರ್, ಈ ಮನೆ ನಮ್ಮದಲ್ಲ, ತೋಟದ್ದು. ನಮಗಿಂತ ಮೊದಲು ಇಲ್ಲಿದ್ದವರ ಯಜಮಾನ ಮರಗಸಿ ಮಾಡುವಾಗ ಬಿದ್ದು ತೀರಿಕೊಂಡರಂತೆ. ಅವರ ಹೆಂಡತಿ ಮಕ್ಕಳನ್ನು ಕಳಿಸಿ ನಮಗೆ ಕೊಟ್ಟರು. ಇಂಥ ಮನೆಗೆ ಆಶೀರ್ವಾದ ಕೇಳಿದರೆ ತಪ್ಪಾಗುವುದಿಲ್ಲವೇ?"

"ಮನೆ ಯಾರದಾದರೇನಮ್ಮಾ, ಒಳಗಿರುವವರು ದೇವರ ಮಕ್ಕಳಲ್ಲವೇ?" ಎಂದು ಹೇಳಿ ನಾನು ತೀರ್ಥ ಪ್ರೋಕ್ಷಿಸಿ ಬಂದೆ. ಆಕೆ ತಲೆಬಾಗಿದರು. ಆದರೆ ಹಿಂದಿರುಗುವ ದಾರಿಯಲ್ಲಿ ನನಗೆ ನನ್ನ ಉತ್ತರದ ಬಗ್ಗೆ ಸಮಾಧಾನವಿರಲಿಲ್ಲ. ಆಕೆ ಕೇಳಿದ್ದು ಒಡೆತನದ ಪ್ರಶ್ನೆಯನ್ನಲ್ಲ, ಋಣದ ಪ್ರಶ್ನೆಯನ್ನು. ಒಬ್ಬರು ಕಳೆದುಕೊಂಡ ಸೂರು ಇನ್ನೊಬ್ಬ ಬಡವರಿಗೆ ದೊರೆತಾಗ, ಆ ಎರಡನೆಯವರು ಯಾವ ತಪ್ಪನ್ನೂ ಮಾಡದಿದ್ದರೂ, ಅವರ ಮೇಲೆ ಏನಾದರೂ ಹೊಣೆ ಉಳಿಯುತ್ತದೆಯೇ? ಗುರುಮಠದಲ್ಲಿ ನೀತಿಶಾಸ್ತ್ರ ಕಲಿತ ನನಗೆ ಆ ಹೊತ್ತಿಗೆ ಹೊಳೆಯದ ಉತ್ತರವನ್ನು ಹುಡುಕಲು ಬಹಳ ಕಾಲ ಬೇಕಾಯಿತು. ಅದಕ್ಕೆ ನೆರವಾದದ್ದು ಒಂದು ದೂರದೇಶದ ಚರಿತ್ರೆ. ಹತ್ತಿರದ ವ್ಯಾಜ್ಯದಲ್ಲಿ ನಾವು ಬೇಗ ಪಕ್ಷ ವಹಿಸಿಬಿಡುತ್ತೇವೆ. ದೂರದ್ದನ್ನು ತುಸು ತಾಳ್ಮೆಯಿಂದ ನೋಡಲು ಸಾಧ್ಯ. ಆದುದರಿಂದ ಇಂದು ನಿಮ್ಮನ್ನು ಪಶ್ಚಿಮ ಆಸ್ಟ್ರೇಲಿಯಾದ ಕಾಡಿನೊಳಗಿನ ಒಂದು ಮರಗೆಲಸದ ಕೂಲಿಯ ಮನೆಗೆ ಕರೆದೊಯ್ಯುತ್ತೇನೆ. ಅದು ಅಷ್ಟೇನೂ ದೂರವಲ್ಲವೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಆ ಖಂಡದ ನೈಋತ್ಯ ಮೂಲೆಯಲ್ಲಿ ಮಾತ್ರ ಬೆಳೆಯುವ ಒಂದು ಮರವಿದೆ, ಹೆಸರು ಜಾರಾ. ನಮ್ಮ ಊರುಗಳಲ್ಲಿ ನೆಟ್ಟಿರುವ ನೀಲಗಿರಿ ಮರದ ಹತ್ತಿರದ ಬಂಧು. ಆದರೆ ನೀಲಗಿರಿಯಂತೆ ಹತ್ತು ವರ್ಷಕ್ಕೆ ಕಡಿಯಲು ಸಿದ್ಧವಾಗುವ ಮರವಲ್ಲ. ನಿಧಾನವಾಗಿ, ಶತಮಾನಗಳ ಕಾಲ ಬೆಳೆಯುತ್ತದೆ. ಒಳಗಿನ ಚೇಗು ಗಾಢ ಕೆಂಪು. ಗೆದ್ದಲು ಅದನ್ನು ಸುಲಭಕ್ಕೆ ತಿನ್ನದು, ಸಮುದ್ರದ ಹುಳ ಕೊರೆಯದು, ಮಣ್ಣಿನೊಳಗೆ ಹೂತರೂ ಬಹುಕಾಲ ಬಾಳುತ್ತದೆ. 1829ರಲ್ಲಿ ಆಂಗ್ಲರು ಸ್ವಾನ್ ನದಿಯ ದಡದಲ್ಲಿ ತಮ್ಮ ವಸಾಹತನ್ನು ಸ್ಥಾಪಿಸಿದಾಗ ಇದನ್ನು 'ಸ್ವಾನ್ ನದಿಯ ಮಹಾಗನಿ' ಎಂದು ಕರೆದರು. ಆದರೆ ಕೊನೆಗೆ ಉಳಿದದ್ದು ಆ ನೆಲದ ಮೂಲಜನರಾದ ನೂಂಗಾರರು ಇಟ್ಟ ಹೆಸರೇ.

ಆರಂಭದಲ್ಲಿ ಯಂತ್ರವಿರಲಿಲ್ಲ. ನೆಲದಲ್ಲಿ ಆಳುದ್ದದ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನು ಅಡ್ಡಲಾಗಿ ಹೊರಳಿಸಿ ನಿಲ್ಲಿಸುತ್ತಿದ್ದರು. ಒಬ್ಬನು ದಿಮ್ಮಿಯ ಮೇಲೆ, ಇನ್ನೊಬ್ಬನು ಗುಂಡಿಯೊಳಗೆ. ನಡುವೆ ಉದ್ದನೆಯ ಗರಗಸ. ಮೇಲಿನವನು ಗೆರೆ ತಪ್ಪದಂತೆ ನೋಡಿಕೊಳ್ಳಬೇಕು, ಕೆಳಗಿನವನು ಎಳೆಯಬೇಕು. ಕೊಯ್ದ ಮರದ ಪುಡಿಯೆಲ್ಲ ಕೆಳಗಿನವನ ಕಣ್ಣಿಗೆ, ಮೂಗಿಗೆ, ಬೆವರಿಗೆ. ಮಲೆನಾಡಿನ ಹಿರಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಮಿಲ್ಲು ಬರುವ ಮೊದಲು ನಮ್ಮಲ್ಲಿಯೂ ಕೈಗರಗಸದವರು ಅಟ್ಟಣೆ ಕಟ್ಟಿ ಇದೇ ರೀತಿ ತೊಲೆ, ಹಲಗೆಗಳನ್ನು ಕೊಯ್ಯುತ್ತಿದ್ದರು. ಅಲ್ಲಿ ಕೊಯ್ದವರಲ್ಲಿ ಎಷ್ಟೋ ಮಂದಿ ಸ್ವಂತ ಇಚ್ಛೆಯಿಂದ ಬಂದವರೂ ಅಲ್ಲ. 1850ರಿಂದ 1868ರವರೆಗೆ ಸುಮಾರು 9,700 ಕೈದಿಗಳನ್ನು ಬ್ರಿಟನ್ನಿನಿಂದ ಹಡಗುಗಳಲ್ಲಿ ಅಲ್ಲಿಗೆ ಸಾಗಿಸಲಾಯಿತು. ಶಿಕ್ಷೆಯ ಒಂದು ಪಾಲು ಮುಗಿದ ಮೇಲೆ ಷರತ್ತಿನ ಬಿಡುಗಡೆ ಪಡೆದವರು ಹೊಟ್ಟೆಪಾಡಿಗೆ ಕಾಡು ಸೇರಿದರು; ಮರ ಕಡಿದರು, ಕೊಯ್ದರು, ಎತ್ತು ಕುದುರೆಗಳ ಹಿಂದೆ ನಡೆದರು.

ಪರ್ತ್ ನಗರದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಜಾರಾಡೇಲ್ ಎಂಬ ಊರು 1872ರಲ್ಲಿ ಹುಟ್ಟಿತು. ಮರದ ಕಂಪನಿಯೊಂದಕ್ಕೆ ಸರ್ಕಾರ ವಿಶಾಲವಾದ ಕಾಡನ್ನು ಗುತ್ತಿಗೆಗೆ ಕೊಟ್ಟಿತು. ಉಗಿಯಂತ್ರದ ಗರಗಸಗಳು ಬಂದವು. ಅಲ್ಲಿಂದ ರಾಕಿಂಗ್‌ಹ್ಯಾಮ್ ಬಂದರಿಗೆ ಹಳಿ ಹಾಸಲಾಯಿತು. 1880ರ ದಶಕದಲ್ಲಿ ಇನ್ನೂ ದಕ್ಷಿಣಕ್ಕೆ, ಸಮುದ್ರದ ಮಗ್ಗುಲಲ್ಲಿ, ಎಂ. ಸಿ. ಡೇವಿಸ್ ಎಂಬ ಉದ್ಯಮಿ ಕಾರಿಡೇಲ್ ಎಂಬ ಊರನ್ನೇ ಕಟ್ಟಿಸಿದ. ಜಾರಾಗಿಂತಲೂ ಎತ್ತರಕ್ಕೆ ಬೆಳೆಯುವ ಕಾರಿ ಮರದ ಕಾಡು ಅದು. ಡೇವಿಸ್ ಕ್ರೂರಿಯೆಂದು ಹೇಳಲಾಗದು. ತನ್ನ ಊರಿನಲ್ಲಿ ಶಾಲೆಯನ್ನೂ ಆಸ್ಪತ್ರೆಯನ್ನೂ ನಡೆಸಿದವನು.

ಈಗ ಇಂಥ ಊರಿನ ಒಂದು ಮನೆಯೊಳಗೆ ಇಣುಕೋಣ. ಕಲ್ಲಿನ ತಳಪಾಯವಿಲ್ಲ, ನೆಲದಲ್ಲಿ ನಿಲ್ಲಿಸಿದ ಜಾರಾ ಗೂಟಗಳ ಮೇಲೆ ಮನೆ ಕುಳಿತಿದೆ. ಗೋಡೆಯೆಂದರೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬಡಿದ ಹಲಗೆಗಳು. ಬಣ್ಣವಿಲ್ಲ. ಮಾಡಿಗೆ ತಗಡು, ಒಂದು ಬದಿಗೆ ಹೊಗೆಗೂಡು. ಎರಡು ಕೋಣೆ, ಹಿಂದೆ ಅಡುಗೆಮನೆ, ಮುಂದೆ ಜಗಲಿ. ಮಕ್ಕಳು ಹೆಚ್ಚಿದಾಗ ಜಗಲಿಗೇ ಹಲಗೆಯೋ ಗೋಣಿಯೋ ಕಟ್ಟಿ ಮಲಗುವ ಕೋಣೆ ಮಾಡಿಕೊಳ್ಳುತ್ತಿದ್ದರು. ಹಲಗೆಗಳ ಸಂದಿನಿಂದ ಚಳಿಗಾಳಿ ನುಗ್ಗದಂತೆ ಒಳಗಡೆ ಗೋಣಿಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟಿನ ಅಂಟಿನಿಂದ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸುತ್ತಿದ್ದರು. ಮದುವೆಯಾಗದ ಗಂಡಾಳುಗಳಿಗೆ ಇಷ್ಟೂ ಇಲ್ಲ. ಒಂದೇ ಕೋಣೆಯ ಗುಡಿಸಲು, ಒಂದು ಮಂಚ, ಒಂದು ಒಲೆ.

ಲಂಡನ್ ನಗರದ ಕೆಲವು ಬೀದಿಗಳಿಗೆ ಆ ಕಾಲದಲ್ಲಿ ಕಲ್ಲಿನ ಬದಲು ಮರದ ಇಟ್ಟಿಗೆಗಳನ್ನು ಹಾಸುತ್ತಿದ್ದರು. ಕುದುರೆಗಾಡಿಯ ಸದ್ದು ಕಡಿಮೆಯಾಗುತ್ತದೆಂಬುದು ಅದಕ್ಕೊಂದು ಕಾರಣ. ಆ ಇಟ್ಟಿಗೆಗಳು ಜಾರಾ ಮತ್ತು ಕಾರಿ ಮರದವು. ಸಾಹುಕಾರರ ಸಾರೋಟುಗಳ ಚಕ್ರದಡಿಗೆ ಒಳ್ಳೆಯ ಮರ ಹೋಯಿತು. ಅದನ್ನು ಕೊಯ್ದವನ ಮಗು ಮಲಗುವ ಗೋಡೆಗೆ ಹಳೆಯ ಪತ್ರಿಕೆ ಬಂತು. ಬಾಡಿಗೆ ಕೂಲಿಯಲ್ಲೇ ಮುರಿತ. ದಿನಸಿ ಕಂಪನಿಯ ಅಂಗಡಿಯಿಂದಲೇ. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಸುತ್ತಲಿನ ಕಾಡು ಮುಗಿದಾಗ ಕಾಡಿನ ಬಿಡಾರಗಳ ಗುಡಿಸಲುಗಳನ್ನು ರೈಲು ಗಾಡಿಯ ಮೇಲೇರಿಸಿ ಮುಂದಿನ ಕಾಡಿಗೆ ಒಯ್ಯುವುದೂ ಇತ್ತು. ಒಂದೇ ಕಡೆ ಬೇರೂರಿ ಶತಮಾನ ಬದುಕಿದ ಮರದಿಂದ ಮಾಡಿದ ಮನೆ ಒಂದೆಡೆ ನಿಲ್ಲಲಾರದೆ ಊರೂರು ಅಲೆಯಿತು!

ಇವರ ಹೆಸರುಗಳು ಯಾರಿಗೂ ಬೇಕಿರಲಿಲ್ಲ. ಇದು ಹೊಸ ಸಂಗತಿಯೂ ಅಲ್ಲ. ಅರಸುಗಳ ಮೊದಲನೆಯ ಗ್ರಂಥದ ಐದನೆಯ ಅಧ್ಯಾಯವನ್ನು ತೆರೆದು ನೋಡಿ. ಸೊಲೊಮೋನನು ದೇವಾಲಯಕ್ಕಾಗಿ ದೇವದಾರು ಕಡಿಸಲು 30,000 ಮಂದಿಯನ್ನು ಬಿಟ್ಟಿಗೆ ಹಿಡಿದು, ತಿಂಗಳಿಗೆ 10,000 ಮಂದಿಯಂತೆ ಲೆಬನೋನಿಗೆ ಕಳುಹಿಸಿದನೆಂದಿದೆ. ಅವರ ಮೇಲ್ವಿಚಾರಕ ಅದೋನಿರಾಮನೆಂದೂ ಹೇಳಿದೆ. ಮುಂದಿನ ಅಧ್ಯಾಯದಲ್ಲಿ ದೇವಾಲಯದ ಅಳತೆ ಉದ್ದ 60 ಮೊಳ, ಅಗಲ 20 ಮೊಳ, ಎತ್ತರ 30 ಮೊಳ ಎಂದು ಬಿಡದೆ ದಾಖಲಾಗಿದೆ. ಆದರೆ ಆ ಮೂವತ್ತು ಸಾವಿರದಲ್ಲಿ ಒಬ್ಬನ ಹೆಸರೂ ಇಲ್ಲ. ಲೆಬನೋನಿನ ಚಳಿಯಲ್ಲಿ ಅವರು ಎಲ್ಲಿ ಮಲಗಿದರೆಂಬ ಮಾತೂ ಇಲ್ಲ. ಪರ್ತ್ ಬಳಿಯ ಕ್ಯಾನಿಂಗ್ ನದಿಯ ದಡದಲ್ಲಿ 1870ರ ದಶಕದಲ್ಲಿ ಮರದ ವ್ಯಾಪಾರದ ಪಾಲುದಾರ ಫ್ರಾನ್ಸಿಸ್ ಬರ್ಡ್ ಕಟ್ಟಿಸಿದ 'ವುಡ್‌ಲೋಸ್' ಎಂಬ ಮನೆ ಇಂದಿಗೂ ನಿಂತಿದೆ, ವಸ್ತುಸಂಗ್ರಹಾಲಯವಾಗಿದೆ. ಅವನಿಗಾಗಿ ಗರಗಸ ಎಳೆದವರ ಗುಡಿಸಲುಗಳು ಹಾಗೆ ಉಳಿಯಲಿಲ್ಲ.

ಇಲ್ಲಿಯವರೆಗೆ ನಮ್ಮ ಸಹಾನುಭೂತಿಗೆ ದಾರಿ ಸುಗಮ. ಬಡ ಕೂಲಿ, ಕಂಪನಿಯ ಮನೆ, ಮಳೆ, ಚಳಿ. ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಒಂದು ಒಳ್ಳೆಯ ಪ್ರಬೋಧನೆಯೂ ಆದೀತು. ಆದರೆ ನಿಲ್ಲಿಸುವಂತಿಲ್ಲ.

ಕಾರಿಡೇಲ್‌ನಿಂದ ಹೆಚ್ಚು ದೂರವಿಲ್ಲದ ಕಡೆ 'ಡೆವಿಲ್ಸ್ ಲೇರ್' ಎಂಬ ಸುಣ್ಣಕಲ್ಲಿನ ಗುಹೆಯಿದೆ. ಅಲ್ಲಿ 40,000 ವರ್ಷಗಳಿಗೂ ಹಿಂದೆ ಮನುಷ್ಯರು ಬೆಂಕಿ ಹಾಕಿ, ಬೇಟೆಯ ಮಾಂಸ ಬೇಯಿಸಿ ತಿಂದು ಬದುಕಿದ ಕುರುಹುಗಳು ಉತ್ಖನನದಲ್ಲಿ ದೊರೆತಿವೆ. ಗರಗಸದವನು ತನ್ನ ಒಲೆ ಹೊತ್ತಿಸುವುದಕ್ಕೆ ಎಷ್ಟೋ ಸಾವಿರ ತಲೆಮಾರುಗಳ ಮೊದಲೇ ಅಲ್ಲಿ ಒಲೆಯಿತ್ತು, ಮನೆಯಿತ್ತು. ನೂಂಗಾರರು ಕೊಂಬೆ, ಮರದ ತೊಗಟೆ, ಜೊಂಡುಗಳಿಂದ ಮನೆ ಕಟ್ಟಿಕೊಳ್ಳುತ್ತಿದ್ದರು. ಋತು ಬದಲಾದಂತೆ ಬೇರೆ ಕಡೆಗೆ ಹೋಗುತ್ತಿದ್ದರು. ಬಿಟ್ಟ ಮನೆ ಮಣ್ಣಿಗೆ ಸೇರುತ್ತಿತ್ತು. ಗೂಟ ನೆಡದ, ಬೇಲಿ ಹಾಕದ ನೆಲವನ್ನು ಆಂಗ್ಲರ ಕಾನೂನು ಯಾರದ್ದೂ ಅಲ್ಲದ ನೆಲವೆಂದು ಬಗೆಯಿತು. ಈ ಸುಳ್ಳನ್ನು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಪ್ರಕರಣದ ತೀರ್ಪಿನಲ್ಲಿ.

ನೆಲ ಬಿಡದವರಿಗೆ ಏನಾಯಿತೆಂಬುದಕ್ಕೆ ಪಿಂಜಾರಾ ಸಾಕ್ಷಿ. 1834ರ ಅಕ್ಟೋಬರ್ 28ರಂದು ರಾಜ್ಯಪಾಲ ಜೇಮ್ಸ್ ಸ್ಟರ್ಲಿಂಗ್ ತಾನೇ ಮುಂದೆ ನಿಂತು, ನದಿಯ ದಡದಲ್ಲಿ ಬಿಡಾರ ಹೂಡಿದ್ದ ನೂಂಗಾರರ ಮೇಲೆ ಗುಂಡು ಹಾರಿಸಿದ. ಜಾರಾಡೇಲ್‌ನ ಮೊದಲ ಮರ ಉರುಳುವುದಕ್ಕೆ 38 ವರ್ಷಗಳ ಮೊದಲು, ಅದೇ ಸೀಮೆಯಲ್ಲಿ. ಮುಂದೆ 1905ರ ಕಾಯಿದೆಯೊಂದು ಹದಿನಾರು ವರ್ಷದೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ ಸರ್ಕಾರಿ ಅಧಿಕಾರಿಯನ್ನೇ ಪೋಷಕನನ್ನಾಗಿ ಮಾಡಿತು. ಹೆತ್ತ ತಾಯಿಯ ಹಕ್ಕು ಅಲ್ಲಿಗೆ ಮುಗಿಯಿತು. ಗರಗಸದವನ ಮಗು ಗೋಡೆಯ ಪತ್ರಿಕೆಯಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದ ಕಾಲದಲ್ಲೇ, ಅದೇ ಸರ್ಕಾರದಡಿ, ಇನ್ನೊಂದು ಮಗುವಿಗೆ ಮನೆಯೇ ಇಲ್ಲವಾಯಿತು.

ಹಾಗಾದರೆ ಆ ಕೂಲಿಯವನನ್ನು ಏನೆನ್ನೋಣ? ಅವನು ಯಾರನ್ನೂ ಓಡಿಸಲಿಲ್ಲ. ಅವನನ್ನೇ ಅವನ ದೇಶ ಓಡಿಸಿತ್ತು. ಇಲ್ಲಿ ಕೆಲವರು, ಬಡವನಿಗೆ ಬೇರೆ ದಾರಿಯಿರಲಿಲ್ಲ, ಆದ್ದರಿಂದ ಅವನಿಗೆ ಋಣವಿಲ್ಲ ಎಂದುಬಿಡುತ್ತಾರೆ. ಇನ್ನು ಕೆಲವರು, ಕದ್ದ ನೆಲದಲ್ಲಿ ನಿಂತವರೆಲ್ಲರೂ ಕಳ್ಳರೇ ಎನ್ನುತ್ತಾರೆ. ಎರಡನೆಯ ಮಾತನ್ನು ಬಹುಮಟ್ಟಿಗೆ ತಮ್ಮ ಮನೆ ಭದ್ರವಾಗಿರುವವರೇ ಆಡುವುದನ್ನು ನಾನು ಕಂಡಿದ್ದೇನೆ.

ಸಂತ ಥಾಮಸ್ ಅಕ್ವಿನಾಸ್‌ರು ಹದಿಮೂರನೆಯ ಶತಮಾನದಲ್ಲಿ ಈ ತೊಡಕನ್ನು ಬಿಡಿಸಲು ಒಂದು ಸರಳ ಭೇದವನ್ನು ತೋರಿಸಿದ್ದಾರೆ. ಪರರ ವಸ್ತುವನ್ನು ಮರಳಿಸಬೇಕಾದ ಹೊಣೆ ಎರಡು ರೀತಿಯಲ್ಲಿ ಬರುತ್ತದೆ: ಒಂದು, ಆ ವಸ್ತು ನಮ್ಮಲ್ಲಿದೆ ಎಂಬ ಕಾರಣದಿಂದ; ಇನ್ನೊಂದು, ಅದನ್ನು ನಾವು ತೆಗೆದುಕೊಂಡ ರೀತಿಯ ಕಾರಣದಿಂದ. ಅನ್ಯಾಯದಿಂದ ಕಸಿದುಕೊಂಡವನಿಗೆ ಎರಡೂ ಹೊಣೆ. ತಪ್ಪಿಲ್ಲದೆ ಕೈಗೆ ಬಂದವನಿಗೆ ಎರಡನೆಯದು ಇಲ್ಲ, ಆದರೆ ಮೊದಲನೆಯದು ಇದೆ. ಗುರುಮಠದಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಲೈನುಮನೆಯ ಹೊಸ್ತಿಲಲ್ಲಿ ನಿಂತ ಆ ತಾಯಿ ಯಾವ ಗ್ರಂಥವನ್ನೂ ಓದದೆ ಇದನ್ನೇ ಕೇಳಿದ್ದರು. ತಪ್ಪು ತನ್ನದಲ್ಲವೆಂದು ಆಕೆಗೆ ಗೊತ್ತಿತ್ತು. ಆದರೂ ಏನೋ ತನ್ನ ಬಳಿ ಇದೆ ಎಂದೂ ಗೊತ್ತಿತ್ತು. ನಾನು ತಪ್ಪಿಲ್ಲವೆಂದು ಸಮಾಧಾನ ಹೇಳಿದೆ. ಆಕೆ ಕೇಳಿರದ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಈ ಭೇದವನ್ನು ಹಿಡಿದುಕೊಂಡು ಮರದ ಜಾಡಿನಲ್ಲಿ ನಡೆದರೆ, ಓದುಗರೇ, ನಾವು ಕೂಲಿಯ ಮನೆಯಲ್ಲಿ ನಿಲ್ಲುವುದಿಲ್ಲ. ಅವನ ಬಳಿ ಉಳಿದದ್ದಾದರೂ ಏನು? ಬಾಡಿಗೆಗೆ ಕೆಲವು ಹಲಗೆಗಳು, ಅದೂ ಕೆಲಸ ಇರುವ ತನಕ. ಲಾಭ ಮೇಲಕ್ಕೆ ಹೋಯಿತು. 1902ರಲ್ಲಿ ಹಲವು ಕಂಪನಿಗಳು ಒಂದಾಗಿ 'ಮಿಲ್ಲರ್ಸ್' ಎಂಬ ಒಂದೇ ದೊಡ್ಡ ಕಂಪನಿಯಾಯಿತು. ಮರವಂತೂ ಸಮುದ್ರ ದಾಟಿತು. ಲಂಡನ್ನಿಗೆ ಹೋದದ್ದನ್ನು ಹೇಳಿದೆ. ಇನ್ನೊಂದು ಪಾಲು ಬಂದದ್ದು ಭಾರತಕ್ಕೆ. ನಮ್ಮ ರೈಲುಮಾರ್ಗಗಳು ಹಬ್ಬುತ್ತಿದ್ದ ಕಾಲ ಅದು. ಹಳಿಯಡಿ ಹಾಸಲು ಗೆದ್ದಲು ತಿನ್ನದ ಮರ ಬೇಕಿತ್ತು. ತೇಗ, ಸಾಲ, ದೇವದಾರುಗಳ ಜೊತೆಗೆ ಜಾರಾ ಮರದ ಸ್ಲೀಪರುಗಳನ್ನೂ ಹಡಗಿನಲ್ಲಿ ತರಿಸಿದರು. ನಮ್ಮ ಅಜ್ಜ ಅಜ್ಜಿಯರು ಜಪಸರ ಹಿಡಿದು ಯಾತ್ರೆಗೆ ಹೊರಟ ರೈಲಿನಡಿಯಲ್ಲಿ, ಯಾವುದೋ ಮಾರ್ಗದಲ್ಲಿ, ನೂಂಗಾರರ ಕಾಡು ಮಲಗಿದ್ದಿರಬೇಕು. ಗುಂಡಿಯೊಳಗಿನವನ ಬೆವರೂ ಅದರೊಡನೆ. ಇಂದು ಸಿಮೆಂಟಿನ ಸ್ಲೀಪರುಗಳು ಬಂದಿವೆ. ಆದರೆ ಆ ಹಳಿಗಳು ಊರಿಗೆ ತಂದುಕೊಟ್ಟ ಅನುಕೂಲ ಈಗಲೂ ನಮ್ಮ ಬಳಿಯೇ ಇದೆ.

ಇದನ್ನು ಹೇಳುವುದು ಯಾರನ್ನೂ ಅಪರಾಧಿ ಮಾಡಲಲ್ಲ. ಹೊಣೆ ಎಂಬುದು ಮರದ ಜೊತೆಗೇ ಪಯಣಿಸುತ್ತದೆ, ಪಡೆದುಕೊಂಡದ್ದರ ಅಳತೆಗೆ ತಕ್ಕಂತೆ ಹಂಚಿಹೋಗುತ್ತದೆ ಎಂಬುದಷ್ಟೇ ನನ್ನ ವಾದ. ಹೆಚ್ಚು ಪಡೆದವರನ್ನು ಬಿಟ್ಟು ಗುಡಿಸಲಿನವನ ಬಾಗಿಲು ತಟ್ಟಿ ಲೆಕ್ಕ ಕೇಳುವುದು ನ್ಯಾಯವಲ್ಲ. ಹಾಗೆಂದು ಗುಡಿಸಲಿನವನ ಬಡತನವನ್ನೇ ಮುಂದೊಡ್ಡಿ, ಅವನಿಗಿಂತ ಮೊದಲು ಅಲ್ಲಿದ್ದವರ ಮಾತೆತ್ತದಿರುವುದೂ ನ್ಯಾಯವಲ್ಲ. ಇಂಥ ಹಳೆಯ ಮನೆಗಳನ್ನು ಪ್ರೀತಿಯಿಂದ ದುರಸ್ತಿ ಮಾಡಿ, ಕಬ್ಬಿಣದ ಒಲೆ, ಮಣಭಾರದ ಇಸ್ತ್ರಿಪೆಟ್ಟಿಗೆ, ಎರಡಾಳಿನ ಗರಗಸ ಇಟ್ಟು ತೋರಿಸುವಾಗ ಮೊಮ್ಮಕ್ಕಳ ಕಣ್ಣು ತುಂಬುವುದು ಸಹಜ. ತಮ್ಮ ಹಿರಿಯರ ದುಡಿಮೆಯನ್ನು ನೆನೆಯುವುದು ನಾಲ್ಕನೆಯ ದೇವಾಜ್ಞೆಗೆ ಸೇರಿದ್ದೇ. ಆದರೆ ಆ ಊರಿನ ಹೆಸರಿನಲ್ಲೇ ಇನ್ನೊಬ್ಬರ ಭಾಷೆಯ ಶಬ್ದ ಕುಳಿತಿರುವಾಗ, ಅವರ ಕತೆ ಹೇಳದೆ ಮನೆಯ ಕತೆ ಹೇಗೆ ಪೂರ್ಣವಾದೀತು?

ಕಾಡಿನ ಪರವಾಗಿ ಮಾತಾಡಿದವರೂ ಅಲ್ಲಿ ಇದ್ದರು. 1916ರಲ್ಲಿ ಅರಣ್ಯಾಧಿಕಾರಿಯಾಗಿ ಬಂದ ಚಾರ್ಲ್ಸ್ ಲೇನ್ ಪೂಲ್ 1918ರ ಅರಣ್ಯ ಕಾಯಿದೆಗೆ ದುಡಿದವರು. ದೊಡ್ಡ ಕಂಪನಿಯ ಗುತ್ತಿಗೆಯನ್ನು ಸರ್ಕಾರ ಮುಂದುವರಿಸಿದಾಗ ಒಪ್ಪದೆ 1921ರಲ್ಲಿ ರಾಜೀನಾಮೆ ಕೊಟ್ಟು ಹೊರಟುಹೋದರು. ಅವರ ಕತೆಗೆ ಬೇರೆ ಲೇಖನವೇ ಬೇಕು. 1961ರ ಕಾಳ್ಗಿಚ್ಚಿನಲ್ಲಿ ಹಳೆಯ ಕಾರಿಡೇಲ್ ಸುಟ್ಟುಹೋಯಿತು. ಮಿಲ್ಲಿನ ಹೊಗೆಗೊಳವೆ ಉಳಿಯಿತು. 2024ರ ಜನವರಿ 1ರಿಂದ ಪಶ್ಚಿಮ ಆಸ್ಟ್ರೇಲಿಯಾದ ಸಹಜ ಕಾಡುಗಳಲ್ಲಿ ವ್ಯಾಪಾರಕ್ಕಾಗಿ ಮರ ಕಡಿಯುವುದನ್ನು ನಿಲ್ಲಿಸಲಾಗಿದೆ. ಒಳ್ಳೆಯ ಸುದ್ದಿಯೇ. ಆದರೂ ಆ ಸುದ್ದಿಯ ದಿನ ಕೆಲಸ ಕಳೆದುಕೊಂಡವರು ಮತ್ತೆ ಗರಗಸದವರೇ. ಅತ್ತ 1963ರಲ್ಲಿ ಜಾರಾಡೇಲ್ ಬಳಿ ಆರಂಭವಾದ ಬಾಕ್ಸೈಟ್ ಗಣಿಗಾರಿಕೆ ಅದೇ ಜಾರಾ ಸೀಮೆಯ ಬೇರೆ ಭಾಗಗಳಿಗೆ ಹಬ್ಬಿತು. ಅಲ್ಯೂಮಿನಿಯಂಗಾಗಿ ಕಾಡು ಸವೆಯುವಾಗ ಗರಗಸದವನನ್ನು ದೂರುವುದು ಸುಲಭ.

ಮತ್ತೆ ಲೈನುಮನೆಗೆ ಬರುತ್ತೇನೆ. ಮರುವರ್ಷ ಆಶೀರ್ವಾದಕ್ಕೆ ಹೋದಾಗ ಆ ತಾಯಿ ಹಿತ್ತಲಿನಲ್ಲಿದ್ದರು. ಹಲಸಿನ ಮರದಡಿ ಎರಡು ದೊಡ್ಡ ಕಾಯಿಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದರು. ಯಾರಿಗಮ್ಮಾ ಎಂದು ಕೇಳಿದೆ.

"ಮೊದಲು ಇಲ್ಲಿದ್ದರಲ್ಲ ಫಾದರ್, ಆ ಅಕ್ಕನಿಗೆ. ಮರ ಅವರು ನೆಟ್ಟಿದ್ದು. ಈಗ ತವರಿನಲ್ಲಿದ್ದಾರೆ. ಬೆಳಗಿನ ಬಸ್ಸಿಗೆ ಹಾಕಿದರೆ ಕಂಡಕ್ಟರು ಇಳಿಸಿಕೊಡುತ್ತಾರೆ," ಎಂದರು. ಆಮೇಲೆ, ಆಶೀರ್ವಾದದ ಪ್ರಾರ್ಥನೆಯಲ್ಲಿ ಆ ಅಕ್ಕನ ಮತ್ತು ಅವರ ಎರಡು ಮಕ್ಕಳ ಹೆಸರನ್ನೂ ಸೇರಿಸಿ ಹೇಳಬೇಕೆಂದು ಕೇಳಿಕೊಂಡರು. ಹೆಸರುಗಳನ್ನು ಬರೆದುಕೊಂಡು ನಾನು ಒಳಗೆ ಹೋದೆ.